ಕಾರ್ಡಿನಲ್ಲಿ ತಮ್ಮನ ಹೆಸರು

ಜನವರಿ 8

ತಮ್ಮಾ,

ಅಕ್ಕ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಹರಿದು ಬಿಸಾಕಿಲ್ಲವಾದರೆ ಮುಂದೆ ಓದು.

ಏಳು ವರ್ಷವಾಯಿತು. ನಿನ್ನ ಪ್ರೆಸ್ಸಿಗೆ ಫೋನು ಮಾಡಿ ಮನೆ ವಿಳಾಸ ಕೇಳಿಕೊಂಡೆ. ಕೊಟ್ಟವರು ನೀವ್ಯಾರು ಅಂತ ಕೇಳಿದರು. ಏನು ಹೇಳಬೇಕೋ ತಿಳಿಯದೆ ಫೋನು ಇಟ್ಟುಬಿಟ್ಟೆ.

ನಾನು ಇನ್ನೂ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲೇ ಇದ್ದೇನೆ. ದಿನಕ್ಕೆ ನಾನೂರು ಹಾಸಿಗೆ ಬಟ್ಟೆ ಮಡಚುತ್ತೇನೆ. ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿದೆ, ಚಿಕ್ಕಂದಿನಲ್ಲಿ ನೀನು ಇದ್ದ ಹಾಗೆ. ಭಾನುವಾರದ ಪ್ರಾರ್ಥನೆಗೆ ಹಾರ್ಡ್‌ವೇರ್ ಅಂಗಡಿ ಮೇಲಿನ ನಮ್ಮ ಸಭೆಯ ಮೆಟ್ಟಿಲು ಹತ್ತಲು ಹತ್ತು ನಿಮಿಷ ಬೇಕು.

ನೀನು ಎಷ್ಟೇ ದೂರ ಹೋಗಿದ್ದರೂ ನಿನಗಾಗಿ ಒಂದು ಬಾಗಿಲು ಸದಾ ತೆರೆದಿದೆ, ಆ ಬಾಗಿಲಲ್ಲಿ ಪ್ರೀತಿಯ ದೀಪ ಹಿಡಿದು ಕಾಯುವವರಿದ್ದಾರೆ ಎಂಬುದನ್ನು ಮರೆಯದಿರು.

ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಒಂಟಿ ಗಂಡಸಿನ ಅಡುಗೆಮನೆ ಹೇಗಿರುತ್ತದೆ ಅಂತ ನನಗೇನು ಗೊತ್ತಿಲ್ಲವೇ?

ಉತ್ತರ ಕಾಯುವ
ಅಕ್ಕ


ಜನವರಿ 21

ಅಕ್ಕಾ,

ಪತ್ರ ಬಂತು. ಹರಿಯಲಿಲ್ಲ. ಎರಡು ಸಲ ಓದಿದೆ, ಯಾಕೆಂದರೆ ಒಂದೇ ಸಲ ಓದಿ ನಂಬುವುದು ನನ್ನ ಕಸುಬಿನಲ್ಲಿಲ್ಲ. ಇಪ್ಪತ್ತೆರಡು ವರ್ಷದಿಂದ ಪ್ರೂಫ್ ನೋಡುತ್ತಿದ್ದೇನೆ. ಬರೆದವನು ಸರಿಯಾಗಿಯೇ ಬರೆದಿರುತ್ತಾನೆ ಅಂತ ನಂಬಿದ ದಿನ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗೆ.

ಮೊಣಕಾಲಿನ ಮಾತು ನಿನ್ನದೇ. ಅಡುಗೆಮನೆಯ ಮಾತೂ ನಿನ್ನದೇ. ನಡುವೆ ಬಂದ ಬಾಗಿಲು, ದೀಪ ಯಾರದು? ಹುಟ್ಟಿದಾಗಿನಿಂದ ನಿನ್ನ ಬಾಯಲ್ಲಿ 'ಮರೆಯದಿರು' ಅನ್ನುವ ಮಾತು ನಾನು ಕೇಳಿಲ್ಲ. 'ಮರೆತ್ರೆ ಚರ್ಮ ಸುಲೀತೀನಿ' ಅನ್ನುವುದು ನಿನ್ನ ಧಾಟಿ.

ಯಾರದು ಅಂತ ನಾನೇ ಹೇಳುತ್ತೇನೆ. ಹೋದ ಅಕ್ಟೋಬರಿನಲ್ಲಿ ನಿಮ್ಮ ಸಭೆಗಳ ಒಕ್ಕೂಟದವರು ನಮ್ಮ ಪ್ರೆಸ್ಸಿನಲ್ಲಿ ಒಂದು ಕಿರುಪುಸ್ತಕ ಮಾಡಿಸಿದರು. 'ಪ್ರತಿ ವಿಶ್ವಾಸಿಯೂ ಸುವಾರ್ತೆಯ ಆಳು' ಅಂತ ಅದರ ಹೆಸರು. ಅದರ ಪ್ರತಿ ಸಾಲನ್ನೂ ಓದಿ ತಿದ್ದಿ ಕೊಟ್ಟವನು ನಾನು. ಆರನೇ ಪುಟದಲ್ಲಿ ದೂರವಾದವರಿಗೆ ಬರೆಯಬೇಕಾದ ಪತ್ರದ ಮಾದರಿ ಇದೆ. ನಿನ್ನ ದೀಪ ಅಲ್ಲಿಂದ ಬಂದದ್ದು. ಒಬ್ಬೊಬ್ಬ ವಿಶ್ವಾಸಿಗೂ ಒಂದು ಕಾರ್ಡು, ಅದರಲ್ಲಿ ಸಭೆಗೆ ಕರೆತರಬೇಕಾದ ಒಬ್ಬರ ಹೆಸರು, ತಿಂಗಳಿಗೊಮ್ಮೆ ಸಭೆಯ ಮುಂದೆ ನಿಂತು ಸಾಕ್ಷಿ ಹೇಳುವುದು. ಹಾಗಾದರೆ ಏಳು ವರ್ಷದ ಮೇಲೆ ನೆನಪಾದದ್ದು ತಮ್ಮನೋ, ಖಾಲಿ ಬಿದ್ದಿದ್ದ ಕಾರ್ಡೋ?

ಇನ್ನೊಂದು ಮಾತು. ನನ್ನ ಹೆಂಡತಿ ಸಾಯುವ ಮೊದಲು ಆಸ್ಪತ್ರೆಯ ಹಾಸಿಗೆಯಲ್ಲಿ ನನ್ನ ಕೈ ಹಿಡಿದು 'ನಾನು ಅತ್ತಿಗೆಗೆ ಹೇಳಿದ್ದೆ' ಅಂದಳು. ಏನು ಹೇಳಿದ್ದೆ ಅಂತ ಕೇಳುವಷ್ಟರಲ್ಲಿ ಮಾತು ನಿಂತಿತ್ತು. ಹೊರಗೆ ಬಂದರೆ ನೀನು ಎಲ್ಲರ ಎದುರು 'ನಿನಗೆ ಇನ್ನೊಂದು ಚೂರು ನಂಬಿಕೆ ಇದ್ದಿದ್ರೆ ಅವಳು ಉಳೀತಿದ್ಲು' ಅಂದೆ. ಅವತ್ತೇ ಸಭೆ ಬಿಟ್ಟೆ, ಊರು ಬಿಟ್ಟೆ. ಪತ್ರ ಬರೆಯುವ ಮನಸ್ಸಿದ್ದರೆ ಮೊದಲು ಅದನ್ನು ಬರೆ. ನನ್ನ ಹೆಂಡತಿ ನಿನಗೆ ಏನು ಹೇಳಿದ್ದಳು?

ತಮ್ಮ


ಫೆಬ್ರವರಿ 4

ತಮ್ಮಾ,

ನಿನ್ನ ಕೈಗೆ ಸಿಕ್ಕಿಬಿದ್ದೆ. ಕಳ್ಳಿ ಕದ್ದದ್ದು ಪೊಲೀಸಿನವನ ಮನೆಯಿಂದಲೇ ಆದರೆ ಇನ್ನೇನಾಗುತ್ತದೆ?

ಕಾರ್ಡು ನಿಜ. ನಮ್ಮ ಪಾಸ್ಟರು ಹೇಳಿದರು, ಸೇವೆ ಅಂದರೆ ಸಮುದ್ರ ದಾಟಿ ಹೋಗುವ ದೊಡ್ಡವರ ಕೆಲಸ ಅಂತ ತಿಳಿಯಬೇಡಿ, ಬಟ್ಟೆ ಮಡಚುವವರು, ಬಸ್ಸು ಓಡಿಸುವವರು, ತರಕಾರಿ ಮಾರುವವರು ಮಾಡಬೇಕಾದ್ದು ಅಂತ. ಯಾರನ್ನು ನೆನೆದರೆ ನಿಮಗೆ ನೋಯುತ್ತದೋ ಆ ಹೆಸರು ಬರೆಯಿರಿ ಅಂದರು. ನನ್ನ ಪಕ್ಕದವಳು ತನ್ನ ಅತ್ತೆಯ ಹೆಸರು ಬರೆದು ಅಳಿಸಿ ಹಾಲಿನವನ ಹೆಸರು ಬರೆದಳು. ನಾನು ನಿನ್ನದು ಬರೆದೆ. ಅಳಿಸಲಿಲ್ಲ.

ಇಷ್ಟು ವರ್ಷ ಪೆನ್ನು ಹಿಡಿದಾಗಲೆಲ್ಲ ಏನು ಬರೆಯಬೇಕೋ ತೋಚುತ್ತಿರಲಿಲ್ಲ. ಪುಸ್ತಕದಲ್ಲಿ ಸಿದ್ಧವಾಗಿ ಸಿಕ್ಕಿತು, ನಾಲ್ಕು ಸಾಲು ಎತ್ತಿಕೊಂಡೆ. ಇನ್ನು ಮೇಲೆ ನನ್ನ ತಲೆಯಲ್ಲಿ ಬಂದದ್ದನ್ನೇ ಬರೆಯುತ್ತೇನೆ, ಒರಟಾಗಿದ್ದರೆ ಸಹಿಸಿಕೋ. ನೀನು ಕೆಲಸದ ಬಗ್ಗೆ ಬರೆದದ್ದು ಓದಿ ಖುಷಿಯಾಯಿತು. ಆರೋಗ್ಯ ಹೇಗಿದೆ? ಅದನ್ನು ಬರೆಯಲೇ ಇಲ್ಲವಲ್ಲ.

ಅಕ್ಕ


ಮಾರ್ಚ್ 2

ಅಕ್ಕಾ,

ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಗಮನಿಸಿದ್ದೇನೆ.

ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಈ ಊರಿನಲ್ಲಿ ನನಗೆ ಹೇಳಿಕೊಳ್ಳಲು ಒಂದು ನಾಯಿಯೂ ಇಲ್ಲ. ಆರೋಗ್ಯ ಕೇಳಿದೆಯಲ್ಲ, ಕಣ್ಣು ಹೋಗುತ್ತಿದೆ. ನೋಟದ ನಟ್ಟನಡುವೆ ಒಂದು ಮಸುಕು ಕೂತಿದೆ. ಯಾವ ಅಕ್ಷರ ನೋಡಬೇಕೋ ಅದರ ಮೇಲೇ ಅದು ಬಂದು ಕೂರುತ್ತದೆ, ಸುತ್ತಲಿನದೆಲ್ಲ ಚೆನ್ನಾಗಿಯೇ ಕಾಣುತ್ತದೆ. ನಿನ್ನ ಪತ್ರವನ್ನು ಕತ್ತು ಓರೆ ಮಾಡಿಕೊಂಡು ಕೋಳಿಯ ಹಾಗೆ ಓದಿದೆ. ಡಾಕ್ಟರು ಇದು ಮುಂದೆ ಹೋಗುತ್ತದೆಯೇ ಹೊರತು ಹಿಂದೆ ಬರುವುದಿಲ್ಲ ಅಂದರು.

ಪ್ರೆಸ್ಸಿನಲ್ಲಿ ಯಾರಿಗೂ ಗೊತ್ತಿಲ್ಲ. ಕಿಟಕಿ ಹತ್ತಿರ ಮೇಜು ಹಾಕಿಸಿಕೊಂಡಿದ್ದೇನೆ, ವಯಸ್ಸಾಯಿತು ಬೆಳಕು ಬೇಕು ಅಂತ ಹೇಳಿ. ಹೆಚ್ಚುಕಡಿಮೆ ಅಂದಾಜಿನ ಮೇಲೆ ನಡೆಯುತ್ತಿದೆ. ಈ ಕೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ.

ಇದು ನಿನ್ನಲ್ಲೇ ಇರಲಿ. ಕಾರ್ಡಿಗೂ ಗೊತ್ತಾಗಬಾರದು.

ತಮ್ಮ


ಮಾರ್ಚ್ 19

ನನ್ನ ತಮ್ಮಾ,

ನಿನ್ನ ಪತ್ರ ಓದಿ ಬಟ್ಟೆ ಕೋಣೆಯಲ್ಲಿ ಮಡಚಿಟ್ಟ ಹಾಸಿಗೆ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ನಮ್ಮ ಮೇಲ್ವಿಚಾರಕಿ ಬಂದು, ಅದನ್ನ ಮತ್ತೆ ಒಗೆಯೋಕೆ ಹಾಕಬೇಕು ಅಂದಳು. ಇಷ್ಟು ವರ್ಷದ ಮೇಲೆ ನನ್ನಲ್ಲಿ ಹೇಳಿಕೊಂಡೆಯಲ್ಲ, ಅದೊಂದು ದೊಡ್ಡ ಸಮಾಧಾನ.

ನಾನು ಕೈಕಟ್ಟಿ ಕೂತಿಲ್ಲ. ಬುಧವಾರದ ಕೂಟದಲ್ಲಿ ನಿನ್ನ ಕಣ್ಣಿಗಾಗಿ ಎಲ್ಲರೂ ಪ್ರಾರ್ಥನೆ ಮಾಡಿದೆವು. ಹೆಸರು ಹೇಳಲಿಲ್ಲ, ಭಯಪಡಬೇಡ. ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ನನ್ನ ಒಬ್ಬನೇ ತಮ್ಮ ಅಂತ ಮಾತ್ರ ಹೇಳಿದೆ. ನಮ್ಮ ಪಾಸ್ಟರು ನಿನ್ನ ಊರಿನ ಸಭೆಯವರಿಗೂ ಪ್ರಾರ್ಥನೆಗೆ ತಿಳಿಸಿದ್ದಾರಂತೆ. ಎಷ್ಟು ಜನ ನಿನಗಾಗಿ ಮೊಣಕಾಲೂರಿದ್ದಾರೆ ಗೊತ್ತೇ? ನನ್ನ ಕೆಟ್ಟ ಮೊಣಕಾಲೂ ಅದರಲ್ಲಿ ಸೇರಿದೆ.

ಪ್ರಾರ್ಥಿಸುವ
ಅಕ್ಕ


ಏಪ್ರಿಲ್ 9

ಅಕ್ಕಾ,

ನಿನ್ನೆ ಬೆಳಗ್ಗೆ ಹನ್ನೊಂದಕ್ಕೆ ಪ್ರೆಸ್ಸಿನ ಕೌಂಟರಿಗೆ ಒಬ್ಬ ಬಂದ. ಹೆಗಲಿಗೆ ಸ್ಪ್ಯಾನರ್ ಚೀಲ, ಮೈತುಂಬ ಗ್ರೀಸು. ಲಿಫ್ಟ್ ರಿಪೇರಿ ಮಾಡುವವನಂತೆ. ಯಂತ್ರದ ಸದ್ದಿನ ಮೇಲೆ ಕೇಳಿಸಲಿ ಅಂತ ಗಂಟಲು ಎತ್ತರಿಸಿ ಮಾಲೀಕರನ್ನೇ ಕೇಳಿದ. "ಕಣ್ಣು ಕಾಣದ ಪ್ರೂಫ್‌ನವರು ಇಲ್ಲೇ ಅಲ್ವಾ ಇರೋದು? ಅವರ ಅಕ್ಕ ಪ್ರಾರ್ಥನೆಗೆ ಹೇಳಿ ಕಳಿಸಿದ್ದಾರೆ."

ಮಾಲೀಕರು ನನ್ನತ್ತ ತಿರುಗಿ, ಕೈಯಲ್ಲಿದ್ದ ಹಾಳೆ ಎತ್ತಿ ಹಿಡಿದು, ಮೂರನೇ ಸಾಲು ಓದಿ ಅಂದರು. ಓದಲಾಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲೇ ನನ್ನ ಮೇಜಿನ ಸಾಮಾನು ರಟ್ಟಿನ ಪೆಟ್ಟಿಗೆಗೆ ಬಂತು. ಆ ಲಿಫ್ಟಿನವನು ಅಲ್ಲೇ ಬಾಯಿಬಿಟ್ಟುಕೊಂಡು ನಿಂತಿದ್ದ.

ಒಂದು ಗುಟ್ಟು ಇಟ್ಟುಕೊಳ್ಳಲು ಹೇಳಿದ್ದೆ. ಅದರಿಂದ ನಿನಗೆ ಒಂದು ಒಳ್ಳೆಯ ಸಾಕ್ಷಿ ಸಿಕ್ಕಿರಬೇಕು. ಇನ್ನು ಬರೆಯಬೇಡ.


ಏಪ್ರಿಲ್ 17

ತಮ್ಮಾ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ನಮ್ಮಲ್ಲಿ ಚಾಡಿ ಹೇಳುವುದು ಪಾಪ. ಅದನ್ನೇ ಕಣ್ಣು ಮುಚ್ಚಿಕೊಂಡು ಹೇಳಿದರೆ ಪ್ರಾರ್ಥನೆ. ನಾನು ಕಣ್ಣು ಮುಚ್ಚಿಕೊಂಡೇ ಹೇಳಿದೆ, ಮೂವತ್ತು ಜನ 'ಆಮೆನ್' ಅಂದರು. ನನಗೆ ಆಗ ಒಳ್ಳೆಯದೆನ್ನಿಸಿತ್ತು ಕಣೋ. ಎಲ್ಲರೂ ನನ್ನ ಕಡೆ ನೋಡಿ ತಲೆ ಆಡಿಸಿದರು. ಅದೇ ನಿಜ.

ಕಾರ್ಡನ್ನು ಪಾಸ್ಟರಿಗೆ ವಾಪಸು ಕೊಟ್ಟೆ. ಈ ಕೆಲಸ ಕೆಟ್ಟದ್ದಲ್ಲ, ನಾನು ಮಾಡಿದ ರೀತಿ ಕೆಟ್ಟದ್ದು ಅಂದೆ.

ಅಕ್ಕ


ಜೂನ್ 1

ತಮ್ಮಾ,

ಮೇ ತಿಂಗಳಲ್ಲೂ ಒಂದು ಬರೆದೆ, ಇದು ಮೂರನೆಯದು. ಒಂದು ಸಾಲು ಬರೆ. ಬೈದಾದರೂ ಬರೆ.

ಅಕ್ಕ


ಜುಲೈ 6

ಅಕ್ಕಾ,

ಕೈಬರಹ ನೋಡಿ ಗಾಬರಿಯಾಗಬೇಡ. ಮಸುಕು ಬೆಳೆದಿದೆ, ಈಗ ನನಗೆ ಬರೆಯಲು ಬರುವುದಿಲ್ಲ. ನಾನು ಹೇಳುತ್ತಿದ್ದೇನೆ, ಬರೆಯುತ್ತಿರುವವನು ಬೇರೆ. ಯಾರು ಅಂತ ಕೇಳಿದರೆ ನಗುತ್ತೀಯೆ. ಅದೇ ಲಿಫ್ಟಿನವನು.

ಕೆಲಸ ಹೋದ ಮಾರನೆಯ ದಿನವೇ ಮನೆಗೆ ಬಂದ. ಮುಖದ ಮೇಲೆ ಬಾಗಿಲು ಹಾಕಿದೆ. ಮತ್ತೆ ಬಂದ, ಮತ್ತೆ ಹಾಕಿದೆ. ಮೂರನೇ ಸಲ ಬಾಗಿಲಾಚೆಯಿಂದಲೇ, "ಕೆಡಿಸಿದ್ದು ನಾನು ಸಾರ್. ಏನಾದ್ರೂ ಓದೋದು ಇದ್ದರೆ ಓದಿ ಕೊಡ್ತೀನಿ" ಅಂದ. ಮೇಜಿನ ಮೇಲೆ ವಿದ್ಯುತ್ ಬಿಲ್ಲು, ಡಾಕ್ಟರ ಚೀಟಿ, ಒಡೆಯದ ನಿನ್ನ ಪತ್ರಗಳು ಬಿದ್ದಿದ್ದವು. ಗರಜು ನನ್ನದು, ಕತ್ತೆ ಕಾಲನ್ನೂ ಹಿಡಿಯಬೇಕಲ್ಲ, ಬಾಗಿಲು ತೆಗೆದೆ. ಕತ್ತೆ ಅನ್ನುವುದನ್ನೂ ಬರೆ ಅಂದಿದ್ದೇನೆ, ಬರೆದಿದ್ದಾನೆ.

ಈಗ ಮಂಗಳವಾರ, ಶುಕ್ರವಾರ ಕೆಲಸ ಮುಗಿಸಿ ಬರುತ್ತಾನೆ. ಪೇಪರನ್ನು ಸಾವಿನ ಸುದ್ದಿಯಿಂದ ಜಾಹೀರಾತಿನವರೆಗೆ ಒಂದೇ ರಾಗದಲ್ಲಿ ಓದುತ್ತಾನೆ. ಒಲೆಯ ಗುಂಡಿಗೆ ನಾನು ಮುಟ್ಟಿ ತಿಳಿಯುವ ಹಾಗೆ ಗುರುತು ಕೊರೆದಿದ್ದಾನೆ. ಮೂರು ತಿಂಗಳಲ್ಲಿ ಒಂದು ಸಲವೂ ಪ್ರಾರ್ಥನೆ ಮಾಡೋಣ ಅಂದಿಲ್ಲ, ಒಂದು ಸಲವೂ ಸಭೆಗೆ ಕರೆದಿಲ್ಲ. ನನ್ನ ಅನುಮಾನ ಹೆಚ್ಚಿರುವುದೇ ಅದಕ್ಕೆ. ಗಾಳ ಕಾಣಿಸಿದರೆ ಮೀನಿಗೆ ಎಚ್ಚರವಿರುತ್ತದೆ. ಇವನ ಗಾಳ ಎಲ್ಲಿದೆಯೋ ಹುಡುಕುತ್ತಿದ್ದೇನೆ. ಯಾರು ಕಳಿಸ್ತಾರೆ ನಿನ್ನ ಅಂತ ಕೇಳಿದೆ. "ಮೊದಲನೇ ಸಲ ಸಭೆ ಕಳಿಸಿತ್ತು. ಈಗ ಯಾರೂ ಕಳಿಸ್ತಿಲ್ಲ" ಅಂದ. ಇದನ್ನು ನಾನು ನಂಬಿಲ್ಲ. ನಂಬಿಲ್ಲ ಅಂತಲೂ ಬರೆಸಿದ್ದೇನೆ, ಬರೆದದ್ದನ್ನು ಅವನಿಂದಲೇ ಓದಿಸಿದ್ದೇನೆ. ಓದಿದ ಹಾಗೆಯೇ ಬರೆದಿದ್ದಾನೋ ಇಲ್ಲವೋ ದೇವರೇ ಬಲ್ಲ, ನೀನು ನೋಡಿ ಹೇಳು.

ಒಂದು ವಿಷಯ ಒಪ್ಪಿಕೊಳ್ಳಬೇಕು. ನನ್ನನ್ನು ಕಳಿಸಿದ ಮೇಲೆ ಮಾಲೀಕರು ನಾನು ನೋಡಿ ಕೊಟ್ಟದ್ದನ್ನೆಲ್ಲ ಮತ್ತೆ ಓದಿಸಿದರಂತೆ. ಮಕ್ಕಳ ಕೆಮ್ಮಿನ ಔಷಧಿಯ ಚೀಟಿಯಲ್ಲಿ ಅರ್ಧ ಚಮಚ ಇರಬೇಕಾದಲ್ಲಿ ಎರಡು ಚಮಚ ಇತ್ತಂತೆ. ಪ್ರೆಸ್ಸಿನಿಂದ ಹೊರಗೆ ಹೋಗುವ ಮೊದಲೇ ಸಿಕ್ಕಿತು. ಇವನು ಅವತ್ತು ಬಾಯಿ ಹಾಕದೆ ಇದ್ದಿದ್ದರೆ ಅದು ಹೋಗುತ್ತಿತ್ತು. ಹಾಗಂತ ನೀನು ಮಾಡಿದ್ದು ಸರಿಯಾಗುವುದಿಲ್ಲ.

ಜನವರಿಯಲ್ಲಿ ಕೇಳಿದ ಪ್ರಶ್ನೆ ಹಾಗೇ ಇದೆ.

ತಮ್ಮ


ಜುಲೈ 20

ತಮ್ಮಾ,

ನೀನು ಹೇಳಿದ್ದನ್ನು ಒಂದೂ ಬಿಡದೆ ಬರೆದಿದ್ದಾನೆ, ಕತ್ತೆಯೂ ಇದೆ, ನಂಬಿಲ್ಲ ಅನ್ನುವುದೂ ಇದೆ.

ಮೊದಲು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಲಿಫ್ಟಿನವರೇ, ನಿಮ್ಮ ಕಾರ್ಡಿನಲ್ಲಿ ನನ್ನ ತಮ್ಮನ ಹೆಸರಿದೆಯೇ? ತಿಂಗಳಿಗೊಮ್ಮೆ ಎದ್ದು ನಿಂತು ಅವನ ಕಥೆ ಹೇಳುತ್ತಿದ್ದೀರಾ? ನಾನು ಹೇಳಿದ್ದೆ, ಅದಕ್ಕೇ ಕೇಳುತ್ತಿದ್ದೇನೆ. ಇದ್ದರೆ ಅವನಿಗೆ ಈಗಲೇ ಹೇಳಿಬಿಡಿ. ಮುಂದೆ ಬರುವುದನ್ನೂ ಒಂದಕ್ಷರ ಬಿಡದೆ ಓದಿ. ಒಬ್ಬ ಹೊರಗಿನವನ ಬಾಯಲ್ಲಿ ಇದು ಬರಬೇಕಲ್ಲ ಅಂತ ನನಗೆ ನಾಚಿಕೆ. ಆದರೆ ತಮ್ಮನ ಗುಟ್ಟನ್ನು ನಾನು ಮೂವತ್ತು ಜನಕ್ಕೆ ಹೇಳಿದೆ. ನನ್ನದನ್ನು ಒಬ್ಬರಾದರೂ ಓದಲಿ.

ತಮ್ಮಾ, ಅವಳಿಗೆ ಹೊಟ್ಟೆನೋವು ಬಂದ ಮೂರನೇ ದಿನ. ನಮ್ಮ ಮನೆಯಲ್ಲೇ ಸಭೆಯ ಉಪವಾಸ ಪ್ರಾರ್ಥನೆ ನಡೆಯುತ್ತಿತ್ತು. ಮಧ್ಯಾಹ್ನ ನೀನು ಇಲ್ಲಿನ ಪ್ರೆಸ್ಸಿಗೆ ಹೋಗಿದ್ದೆ, ಬೇರೆಯವರೆಲ್ಲ ಮುಂದಿನ ಕೋಣೆಯಲ್ಲಿದ್ದರು. ಹತ್ತಿರ ಇದ್ದದ್ದು ನಾನೊಬ್ಬಳೇ. ಅವಳು ನನ್ನ ಸೆರಗು ಹಿಡಿದು, "ಅತ್ತಿಗೆ, ಪ್ರಾರ್ಥನೆ ಸಾಕು. ಆಸ್ಪತ್ರೆಗೆ ಕರ್ಕೊಂಡು ಹೋಗಿ" ಅಂದಳು. ನಾನು ಆಸ್ಪತ್ರೆಯಲ್ಲೇ ದುಡಿಯುವವಳು, ಆ ಹೊಟ್ಟೆ ಮುಟ್ಟಿದಾಗಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಿತ್ತು. ಆದರೂ "ನಾಳೆ ನೀನೇ ಎದ್ದು ನಿಂತು ಸಾಕ್ಷಿ ಹೇಳ್ತೀಯ, ಇದೊಂದು ದಿನ ತಡ್ಕೋ" ಅಂದೆ. ನಮ್ಮ ಮನೆಯಲ್ಲಿ ಒಂದು ಅದ್ಭುತ ನಡೆಯಲಿ, ಎಲ್ಲರೂ ನೋಡಲಿ ಅಂತ ನನಗೆ ಆಸೆಯಿತ್ತು. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಸಂಜೆ ನೀನು ಬಂದು ಹೇಗಿದ್ದಾಳೆ ಅಂತ ಕೇಳಿದಾಗ ನಿದ್ದೆ ಬಂದಿದೆ, ಎಬ್ಬಿಸಬೇಡ ಅಂದೆ. ಬೆಳಗ್ಗೆ ನೀನೇ ಎತ್ತಿಕೊಂಡು ಓಡಿದೆ. ಡಾಕ್ಟರು ಒಂದು ದಿನ ತಡವಾಯಿತು ಅಂದದ್ದನ್ನು ನೀನೂ ಕೇಳಿದೆ, ನಾನೂ ಕೇಳಿದೆ. ಆ ಒಂದು ದಿನ ನನ್ನದು. ಅದು ನನ್ನ ತಲೆಯ ಮೇಲೆ ಬೀಳುವ ಮೊದಲೇ ನಿನ್ನ ನಂಬಿಕೆಯ ಮೇಲೆ ಎತ್ತಿ ಹಾಕಿಬಿಟ್ಟೆ.

ಇದನ್ನು ಪಾಸ್ಟರಿಗೂ ಹೇಳಿಲ್ಲ. ದೇವರಿಗೆ ಹೇಳಿದ್ದೇನೆ. ಆತನಿಗೆ ಹೇಳುವುದು ಸುಲಭ, ಎದುರಿಗೆ ಕೂತು ನನ್ನ ಮುಖ ನೋಡುವುದಿಲ್ಲ.

ಅಕ್ಕ


ಆಗಸ್ಟ್ 24

ಅಕ್ಕಾ,

ಇದನ್ನೂ ಅವನೇ ಬರೆಯುತ್ತಿದ್ದಾನೆ. ತಡವಾದದ್ದಕ್ಕೆ ಕಾರಣ ಇದೆ.

ನಿನ್ನ ಪತ್ರ ಬಂದ ಶುಕ್ರವಾರ ಓದಲು ಕೂತ. ಕಾರ್ಡಿನ ವಿಷಯ ಬಂದಾಗ ಓದುವುದನ್ನು ನಿಲ್ಲಿಸಿ ತಾನಾಗಿಯೇ ಹೇಳಿದ. ಕಾರ್ಡು ಇತ್ತಂತೆ. ಪ್ರೆಸ್ಸಿಗೆ ಬಂದ ದಿನವೇ 'ಭೇಟಿ ಆಯಿತು' ಅಂತ ಬರೆದು ವಾಪಸು ಕೊಟ್ಟನಂತೆ. ಸಭೆಯ ಲೆಕ್ಕದಲ್ಲಿ ನನ್ನ ವಿಷಯ ಏಪ್ರಿಲಿನಲ್ಲೇ ಮುಗಿದಿದೆ. ಮತ್ತೆ ಯಾಕೆ ಬರ್ತೀಯ ಅಂದೆ. ನಿಮಗೆ ಓದೋರು ಇಲ್ವಲ್ಲ ಅಂದ. ಇದರಲ್ಲಿ ಏನು ಮರ್ಮ ಇದೆಯೋ ಅಂತ ವಾರವೆಲ್ಲ ತಿರುವಿ ತಿರುವಿ ನೋಡಿದೆ. ಏನೂ ಸಿಗಲಿಲ್ಲ. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಹೀಗೆ ಆದದ್ದು ಕಡಿಮೆ.

ಮುಂದೆ ಓದು ಅಂದೆ. ಹೊರಗಿನವನ ಬಾಯಲ್ಲಿ ಬರಬೇಕಲ್ಲ ಅನ್ನುವ ಜಾಗದವರೆಗೆ ಓದಿದ. ಆಮೇಲೆ ದನಿ ನಿಂತಿತು. ಮನಸ್ಸಿನಲ್ಲೇ ಓದುತ್ತಿದ್ದಾನೆ ಅಂತ ಹಾಳೆ ತಿರುಗಿದ ಸದ್ದಿನಲ್ಲಿ ತಿಳಿಯಿತು. ಏನಿದೆ ಅಂದರೆ, ಇದು ನಾನು ಓದೋದಲ್ಲ ಅಂದ. ಬಿಡದೆ ಓದು ಅಂತ ಅವಳೇ ಬರೆದಿದ್ದಾಳಲ್ಲೋ ಅಂದೆ. ಅವನು ಆಡಿದ ಮಾತನ್ನು ಅವನ ಕೈಯಲ್ಲೇ ಬರೆಸುತ್ತಿದ್ದೇನೆ. "ಒಂದು ಸಲ ನಿಮ್ಮ ವಿಷಯ ನನ್ನ ಬಾಯಲ್ಲಿ ಬಂದು ನಿಮ್ಮ ಕೆಲಸ ಹೋಯ್ತು. ಇದನ್ನ ನಿಮ್ಮ ಅಕ್ಕನೇ ಹೇಳಬೇಕು, ನೀವು ಅವರ ಎದುರಿಗೇ ಕೇಳಬೇಕು." ಓದದಿದ್ದರೆ ಇನ್ನು ಬರಬೇಡ ಅಂತ ರೇಗಿದೆ. ಪತ್ರ ಮಡಚಿ ನನ್ನ ಕೈಗೆ ಕೊಟ್ಟು ಹೋದ. ಮಂಗಳವಾರ ಯಥಾಪ್ರಕಾರ ಬಂದ, ಪೇಪರ್ ಓದಿದ, ಅದನ್ನು ಮಾತ್ರ ಮುಟ್ಟಲಿಲ್ಲ.

ನೀವಿಬ್ಬರೂ ಸೇರಿ ನನ್ನನ್ನು ಆಟ ಆಡಿಸುತ್ತಿದ್ದೀರಿ ಅಂತ ಮೊದಲು ಅನ್ನಿಸಿತು. ಕೆಳಗಿನ ಔಷಧಿ ಅಂಗಡಿಯವನ ಹತ್ತಿರ ತೆಗೆದುಕೊಂಡು ಹೋದೆ. ಅವನು ಕನ್ನಡಕ ಹಾಕಿ, ಹಾಳೆ ಬಿಡಿಸಿ, ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಕಿತ್ತುಕೊಂಡು ಬಂದುಬಿಟ್ಟೆ. ಅವನು ಏನಂದುಕೊಂಡನೋ. ಹೆಂಡತಿಯ ಕೊನೆಯ ಮಾತನ್ನು ಮಾತ್ರೆ ಕೊಳ್ಳಲು ಬಂದವರ ನಡುವೆ ನಿಂತು ಕೇಳಲು ನನ್ನಿಂದಾಗಲಿಲ್ಲ.

ಅಕ್ಕಾ, ಏಳು ವರ್ಷದಿಂದ ಒಂದೇ ಅನುಮಾನವನ್ನು ಸಾಕಿಕೊಂಡು ಬಂದಿದ್ದೇನೆ. ಇವನು ಓದದೆ ನಿಲ್ಲಿಸಿದಾಗಲೇ ಅದರ ಮುಕ್ಕಾಲು ಪಾಲು ನಿಜ ಅಂತ ಗೊತ್ತಾಯಿತು. ಏನೂ ಇಲ್ಲದಿದ್ದರೆ ಇವನಂಥ ವಾಚಾಳಿ ಸುಮ್ಮನಾಗುತ್ತಿರಲಿಲ್ಲ. ಉಳಿದ ಕಾಲು ಪಾಲು ನಿನ್ನ ಬಾಯಿಂದ ಬೇಕು. ನಿನ್ನ ಊರಿನಿಂದ ಇಲ್ಲಿಗೆ ಬಸ್ಸಿನಲ್ಲಿ ಐದು ಗಂಟೆ. ನನ್ನ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲ ಪಕ್ಕದ ಕಂಬಿ ಗಟ್ಟಿಯಾಗಿದೆ, ನಿಧಾನಕ್ಕೆ ಹತ್ತು.

ಒಬ್ಬಳೇ ಬಾ. ಪತ್ರ ನನ್ನ ಹತ್ತಿರವೇ ಇದೆ, ಇವನನ್ನು ಬಿಟ್ಟು ಬೇರೆ ಯಾರೂ ಓದಿಲ್ಲ. ನನ್ನ ಎದುರಿಗೆ ಕೂತು ನೀನೇ ಓದು. ನಿನ್ನ ಮುಖ ನನಗೆ ಕಾಣುವುದಿಲ್ಲ, ನೇರ ನೋಡಿದರೆ ಅಲ್ಲಿ ಮಸುಕು ಮಾತ್ರ ಇರುತ್ತದೆ. ಆದರೆ ನನ್ನ ಮುಖ ನಿನಗೆ ಕಾಣುತ್ತದೆ. ಕೇಳಿದ ಮೇಲೆ ಕ್ಷಮಿಸುತ್ತೇನೆ ಅಂತ ಹೇಳಲಾರೆ. ಬಾಗಿಲು ತೋರಿಸಿದರೂ ತೋರಿಸಿಯೇನು. ಒಂದಕ್ಕೆ ಮಾತ್ರ ಮಾತು ಕೊಡುತ್ತೇನೆ, ನೀನು ಓದಿ ಮುಗಿಸುವವರೆಗೆ ನಾನು ಎದ್ದು ಹೋಗುವುದಿಲ್ಲ.

ತಮ್ಮ